ದರ್ಜಿ ತಗ್ಗಿಸಿದ ಕಾರು

ಶೋರೂಮಿನ ಸರ್ವಿಸ್ ಸೆಂಟರ್ ಮುಂದೆ ಕಾರಿನಿಂದ ಇಳಿಯಲು ಹೋಗಿ ನಾನು ಅಂಬೆಗಾಲಿನಲ್ಲಿ ನೆಲಕ್ಕೆ ಬಂದೆ. ಕಾವಲುಗಾರ ನಗು ನುಂಗಿಕೊಂಡು ಎತ್ತಿ ನಿಲ್ಲಿಸಿದ. ಇಳಿಯಲು ಹೇಳಿದವನು ನನ್ನ ಹೆಂಡತಿಯ ತಮ್ಮ: "ಭಾವ, ನೀವು ಕೂತಿದ್ರೆ ಬಂಪರ್ ನೆಲಕ್ಕೆ ತಾಗುತ್ತೆ."

ಅವನು ದರ್ಜಿ. ಊರವರ ಪ್ಯಾಂಟು ಗಿಡ್ಡ ಮಾಡಿದ್ದು ಸಾಲದೆಂದು, ಸ್ಪ್ರಿಂಗ್ ಬದಲಾಯಿಸಿ ತನ್ನ ಕಾರನ್ನೂ ನೆಲಕ್ಕೆ ತಾಗುವಷ್ಟು ತಗ್ಗಿಸಿದ್ದ. ಹಿಂದಿನ ಸಲ ಇಲ್ಲಿನ ಇಳಿಜಾರು ಹತ್ತಿಸುವಾಗಲೇ ಬಂಪರ್ ಸೀಳಿತ್ತು. ಅದಕ್ಕೇ ಈ ಸಲ ಬಟ್ಟೆ ಕತ್ತರಿಸುವ ಮೇಜಿನ ಹಲಗೆಗಳನ್ನೇ ಕಿತ್ತು ತಂದಿದ್ದ.

"ಕೀ ಕೊಡಿ ಸಾರ್. ದಿನಾ ಎಷ್ಟು ಗಾಡಿ ನೋಡಲ್ಲ ನಾವು?" ಎಂದ ಮೆಕ್ಯಾನಿಕ್.

"ಹೋದ ಸಲಾನೂ ಹಿಂಗೇ ಅಂದಿದ್ರಿ," ಎಂದು ಕೀ ಕೊಟ್ಟ ಭಾವಮೈದುನ ಇಳಿಜಾರಿನ ಬುಡಕ್ಕೆ ಹಲಗೆಗಳನ್ನಿಟ್ಟು, ಇಸ್ತ್ರಿ ಅಂಗಿಯಲ್ಲೇ ಪಕ್ಕದಲ್ಲಿ ಬೋರಲು ಮಲಗಿ, ಬಂಪರಿನ ಅಡಿಗೆ ಕಣ್ಣು ನೆಟ್ಟ.

"ನಿಧಾನ... ಇನ್ನೂ ನಿಧಾನ... ಅಯ್ಯೋ, ನಿಲ್ಸಿ! ಚೂರು ಎಡಕ್ಕೆ!"

ಹಲಗೆ ಕಿರುಗುಟ್ಟಿತು. ಹಿಂದಿದ್ದ ಕಾರುಗಳು ಹಾರನ್ ಹೊಡೆದವು. ಕೊನೆಗೆ ಒಂದು ಗೀರೂ ಬೀಳದೆ ಕಾರು ಮೇಲೇರಿತು.

ಮೆಕ್ಯಾನಿಕ್ ಬೆವರು ಒರೆಸಿಕೊಂಡ. "ಇಷ್ಟೆಲ್ಲ ಪಾಡು ಪಡೋ ಬದ್ಲು... ಗಾಡಿ ಯಾಕ್ ತಗ್ಗಿಸಿದ್ರಿ ಸಾರ್?"

ಭಾವಮೈದುನ ಎದ್ದು ಅಂಗಿಯ ಧೂಳು ಕೊಡವಿದ.

"ಜೋರಾಗಿ ಓಡಿಸ್ಬಹುದು ಅಂತ."