ಕಲ್ಲಮನಿಗೆ ಹಾಕಿದ ನೂಲು

ಚಿಮ್ಮಡದ ಆಚೆ, ಎರೆಹೊಲ ಮುಗಿದು ಕಲ್ಲುನೆಲ ಶುರುವಾಗುವಲ್ಲಿ ನಾಲ್ಕೈದು ಕಲ್ಲಮನಿಗಳಿದ್ದವು. ನಾಲ್ಕು ಕಡೆ ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ದೊಡ್ಡ ಚಪ್ಪಡಿ ಹೊದಿಸಿದ ಗೂಡುಗಳು ಅವು. ಯಾರು ಕಟ್ಟಿದರು, ಎಂದು ಕಟ್ಟಿದರು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಸತ್ತವರ ಮನೆ ಎಂದು ಮಾತ್ರ ಎಲ್ಲರೂ ಹೇಳುತ್ತಿದ್ದರು. ಮುಂದೆ ನಾನು ಬೀಳಗಿ ಕಡೆಯ ಗುಡ್ಡಗಳಲ್ಲಿ, ಮುಧೋಳದ ಹಾದಿಯ ಬೋರೆಗಳಲ್ಲಿ ಇಂಥ ಕಲ್ಲುಗಳನ್ನು ಹುಡುಕಿಕೊಂಡು ಹೋಗಿ ನೋಡಿದ್ದೇನೆ. ಈ ವಯಸ್ಸಿನಲ್ಲಿ ದೇವಸ್ಥಾನ ಬಿಟ್ಟು ಇದೆಂಥ ಹುಚ್ಚು ಎಂದು ಮನೆಯವರು ಕೇಳುತ್ತಾರೆ. ಅವರಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ನನ್ನನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋದವನು ನನ್ನ ಅಣ್ಣ. ಆಗ ನನಗೆ ಹತ್ತು ವರ್ಷವಿರಬೇಕು, ಅವನು ನನಗಿಂತ ಹನ್ನೆರಡು ವರ್ಷ ದೊಡ್ಡವನು. ನಮ್ಮೂರು ಬನಹಟ್ಟಿಯಿಂದ ನಡೆದು ಹೋಗಿ ಯಾರದೋ ಹೊಲದಲ್ಲಿ ಸುಟ್ಟ ಹಸಿಜೋಳದ ಸೀತನಿ ತಿಂದು ತಿರುಗಿ ಬರುತ್ತಿದ್ದೆವು. ಕಲ್ಲಮನಿಗಳ ಹತ್ತಿರ ಬಂದಾಗ ಅಣ್ಣ ಚಪ್ಪಲಿ ಬಿಟ್ಟ.

"ಗುಡಿ ಅಲ್ಲಲ್ಲೋ ಇದು" ಎಂದೆ.

"ಗುಡಿ ಅಲ್ಲ, ಮನಿ. ಯಾರದರೆ ಮನಿಗೆ ಹೋಗೂ ಮುಂದ ಚಪ್ಪಲಿ ಹಾಕ್ಕೊಂಡ ಹೋಗ್ತೀಯೇನ?"

ಎಲ್ಲಕ್ಕಿಂತ ದೊಡ್ಡ ಕಲ್ಲಮನಿಯ ಮುಂದಿನ ಚಪ್ಪಡಿಯಲ್ಲಿ ಒಂದು ದುಂಡನೆಯ ತೂತು ಇತ್ತು. ಒಂದು ತೋಳು ಹೋಗುವಷ್ಟು. ಅಷ್ಟು ಸಮನಾಗಿ ಕಲ್ಲನ್ನು ಕೊರೆಯಲು ಎಷ್ಟು ದಿನ ಹಿಡಿದಿತ್ತೋ. ಕೈ ಹಾಕಲು ಹೋದೆ. ಅಣ್ಣ ಮುಂಗೈ ಹಿಡಿದು ಹಿಂದಕ್ಕೆ ಎಳೆದ. ನಕ್ಕ, ಆದರೆ ಹಿಡಿದದ್ದು ಬಲವಾಗಿಯೇ ಇತ್ತು.

ನಮ್ಮ ಓಣಿಯ ನೇಕಾರರಲ್ಲಿ ಆ ತೂತಿಗೆ ಒಂದು ಬಳಕೆಯಿತ್ತು. ಊರು ಬಿಟ್ಟು ಹೋದವನು ವರ್ಷಗಟ್ಟಲೆ ಸುದ್ದಿಯಿಲ್ಲದಿದ್ದರೆ ಅವನ ಹೆಂಡತಿಯೋ ತಾಯಿಯೋ ಅಮಾವಾಸ್ಯೆಯ ಮಧ್ಯಾಹ್ನ ಅಲ್ಲಿಗೆ ಹೋಗುತ್ತಿದ್ದರು. ಅವನು ಕೊನೆಗೆ ನೇಯ್ದ ನೂಲಿನ ಒಂದು ಎಳೆಯ ತುದಿಗೆ ಅರಿಷಿಣ ಕೊಂಬು ಕಟ್ಟಿ, ತೂತಿನಿಂದ ಒಳಗೆ ಎಸೆದು, ಹೆಸರು ಹಿಡಿದು ಕೇಳಿ, ನೂಲನ್ನು ಎಳೆದುಕೊಳ್ಳುವುದು. ಅವನು ಸತ್ತವರ ಜೊತೆಗಿದ್ದರೆ ಹಿಡಿಯುತ್ತಾನೆ, ನೂಲು ಹರಿಯುತ್ತದೆ. ಕೊಂಬು ತಿರುಗಿ ಬಂದರೆ ಅವನು ಅಲ್ಲಿಲ್ಲ, ಎಲ್ಲೋ ಬದುಕಿದ್ದಾನೆ. ಓಣಿಯ ಹಿರಿಯರು ಇದನ್ನು ಕಾಗದಕ್ಕಿಂತ ಹೆಚ್ಚು ನಂಬುತ್ತಿದ್ದರು.

ಅದಾಗಿ ಐದಾರು ವರ್ಷ, ಸಂಸ್ಥಾನ ಹೋಗಿ ನಾವು ಮುಂಬೈ ರಾಜ್ಯಕ್ಕೆ ಸೇರಿದ ಹೊಸತು. ನಾನು ಜಮಖಂಡಿಯಲ್ಲಿ ಒಂದು ಕೋಣೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದೆ. ಮ್ಯಾಟ್ರಿಕ್ಕಿಗೆ ಒಂದೇ ವರ್ಷ ಬಾಕಿ. ಅಪ್ಪ ಇರಲಿಲ್ಲ. ಮನೆಯಲ್ಲಿ ಎರಡು ಕುಣಿಮಗ್ಗ. ಒಂದರಲ್ಲಿ ಅಣ್ಣ ನೇಯುತ್ತಿದ್ದ, ಅಪ್ಪನದು ಖಾಲಿ ಇತ್ತು. ಅಣ್ಣನ ಹೆಂಡತಿ ಮೊದಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು.

ಹಿಂದಿನ ಓಣಿಯ ಹೆಂಗಸೊಬ್ಬಳು ನಮ್ಮ ಮನೆಗೆ ಕಂಡಿಕೆ ಸುತ್ತಲು ಬರುತ್ತಿದ್ದಳು. ಲಾಳಿಯೊಳಗೆ ಕೂಡಿಸುವ ಸಣ್ಣ ನೂಲುಗೊಳವೆಗಳಿಗೆ ನಾವು ಕಂಡಿಕೆ ಅನ್ನುತ್ತೇವೆ. ಅವಳ ಗಂಡನೂ ನೇಕಾರ. ಗಿರಣಿ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಹೋದವನದು ಆರು ವರ್ಷದಿಂದ ಸುದ್ದಿಯಿಲ್ಲ. ಜ್ವರದಲ್ಲಿ ಸತ್ತನೆಂದು ಒಬ್ಬ ಹೇಳಿದ್ದ, ಇಚಲಕರಂಜಿಯಲ್ಲಿ ನೋಡಿದೆನೆಂದು ಇನ್ನೊಬ್ಬ ಹೇಳಿದ್ದ. ನಾನು ಅವಳಿಗೆ ಅಕ್ಕ ಅನ್ನುತ್ತಿದ್ದೆ. ರಜೆಯಲ್ಲಿ ಬಂದಾಗಲೆಲ್ಲ ಅವಳು ರಾಟಿ ತಿರುಗಿಸುತ್ತಲೇ ಚೇಷ್ಟೆ ಮಾಡುತ್ತಿದ್ದಳು.

"ಬಂದ್ರೇನ್ರಿ ಸಾಹೇಬ್ರ? ಇಷ್ಟ ಓದೀರಿ, ಹರದ ಎಳಿಗೆ ಒಂದ ಗಂಟ ಹಾಕಾಕ ಬರ್ತೈತೇನ?"

"ಅಂವಗ ಬರೂದ ಬ್ಯಾಡ" ಎಂದು ಮಗ್ಗದ ಕುಣಿಯಿಂದ ಅಣ್ಣ ಅನ್ನುತ್ತಿದ್ದ. "ಗಂಟ ಬಂದ್ರ ಇಲ್ಲೇ ಕೂಡ್ತಾನ."

ನನಗೆ ನಿಜವಾಗಿಯೂ ಬರುತ್ತಿರಲಿಲ್ಲ. ಕಲಿಯಬಾರದೆಂದೇ ಕಲಿತಿರಲಿಲ್ಲ. ಸೊಂಟದವರೆಗೆ ನೆಲದೊಳಗೆ ಇಳಿದು ಕೂಡುವ ಆ ಕುಣಿಯನ್ನು ಕಂಡರೆ ನನಗೆ ಚಿಕ್ಕಂದಿನಿಂದ ಭಯ.

ಆ ಬೇಸಿಗೆ ಅವ್ವ ಅವಳನ್ನು ಅಣ್ಣನಿಗೆ ಉಡಿಕಿ ಮಾಡಿಕೊಳ್ಳುವ ಮಾತು ತೆಗೆದಳು. ಗಂಡ ಸತ್ತ ಹೆಣ್ಣಿಗೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು ನಮ್ಮಲ್ಲಿ ಇದ್ದದ್ದೇ. ಹಿರಿಯರು ಅಡ್ಡಿಯಿಲ್ಲ ಎಂದರು, ಆದರೆ ಮೊದಲು ಕಲ್ಲಮನಿಗೆ ನೂಲು ಹಾಕಿ ಕೇಳಲಿ ಎಂದರು. ಅಣ್ಣ ಮಗ್ಗದ ಮೇಲಿದ್ದ ಸೀರೆ ಮುಗಿಸಿ, ಯಾರೂ ಕೇಳದ ಇನ್ನೊಂದು ಸೀರೆಯನ್ನು ಹೂಡಿದ. ದಾಳಿಂಬೆ ಬಣ್ಣದ್ದು. ಅದು ಯಾರಿಗೆಂದು ಅವ್ವನಿಗೂ ನನಗೂ ತಿಳಿಯಿತು.

ನನ್ನ ಎದೆಯಲ್ಲಿದ್ದದ್ದು ಬೇರೆ. ಮನೆಗೆ ಹೊಸಬಳು ಬಂದರೆ ಎರಡನೆಯ ಮಗ್ಗ ಯಾಕೆ ಖಾಲಿ, ಓದಿದ್ದು ಸಾಕು, ಇವನೂ ಕೂಡಲಿ ಎನ್ನುತ್ತಾಳೆ ಎಂದು ನಾನೇ ಕಲ್ಪಿಸಿಕೊಂಡೆ. ಅವಳು ಅಂಥ ಮಾತು ಆಡಿದವಳಲ್ಲ. ಆ ಅಮಾವಾಸ್ಯೆಯಂದು ಗೆಳೆಯನ ಹೊಲಕ್ಕೆ ಹೋಗುತ್ತೇನೆಂದು ಸುಳ್ಳು ಹೇಳಿ, ಅವಳಿಗಿಂತ ಮೊದಲೇ ಕಲ್ಲಮನಿಗೆ ಹೋದೆ. ಕೊಂಬು ಒಳಗೆ ಬಿದ್ದ ಕೂಡಲೇ ಅದನ್ನು ತೂತಿನ ಹತ್ತಿರ ಇಟ್ಟುಬಿಡುವುದು, ಎಲ್ಲಿಯೂ ಸಿಗಿಬೀಳದೆ ಹೊರಗೆ ಹೋಗಲಿ. ಗಂಡ ಬದುಕಿದ್ದಾನೆ ಎಂದಾಗುತ್ತದೆ, ಉಡಿಕಿ ನಿಲ್ಲುತ್ತದೆ. ಇಷ್ಟೇ ನನ್ನ ಯೋಚನೆ.

ಹಿಂದಿನ ಚಪ್ಪಡಿಯ ಕೆಳಮೂಲೆ ಒಡೆದು, ನರಿ ಕೆದರಿದ ಬಿಲವೊಂದಿತ್ತು. ತೆವಳಿ ಒಳಗೆ ಹೋದೆ. ಅಂಥ ಕೆಲಸಕ್ಕೆ ಹೋಗುವಾಗಲೂ ಚಪ್ಪಲಿಯನ್ನು ಹೊರಗೆ, ಕಾರಿ ಗಿಡದ ಬುಡದಲ್ಲಿ ಬಿಟ್ಟಿದ್ದೆ. ಅಣ್ಣ ಕಲಿಸಿದ್ದು ಕಾಲಿಗೆ ರೂಢಿಯಾಗಿತ್ತು.

ಒಳಗೆ ಕೂಡಲು ಮಾತ್ರ ಜಾಗ. ಹೊರಗೆ ಕಲ್ಲು ಕಾಯ್ದು ಗಾಳಿ ನಡುಗುತ್ತಿತ್ತು, ಒಳಗೆ ಬಾವಿಯ ತಂಪು. ತೂತಿನ ಬೆಳಕು ನನ್ನ ಮೊಳಕಾಲಿನವರೆಗೆ ಬಂದು ನಿಂತಿತ್ತು. ಎಡಗಡೆ, ಮಣ್ಣು ತುಂಬಿ ತಗ್ಗಾದ ಮೂಲೆ ಏನೂ ಕಾಣದಷ್ಟು ಕಪ್ಪಾಗಿತ್ತು. ಹೊತ್ತು ಹೋಯಿತು. ಹೊರಗೆ ಹಕ್ಕಿಯ ದನಿಯೂ ಇರಲಿಲ್ಲ.

ಬೆಳಕು ಮುಚ್ಚಿತು. ಅವಳ ಬಳೆಯ ಸಪ್ಪಳ ಕೇಳಿಸಿತು. ಗಂಡನ ಹೆಸರು ಹೇಳಿ, "ಇಲ್ಲಿ ಅದೀರೇನ್ರಿ? ಇದ್ರ ಹಿಡೀರಿ. ಇಲ್ಲಾಂದ್ರ ಬಿಡ್ರಿ" ಎಂದಳು. ಅಡಿಗೆ ಮನೆಯಿಂದ ಪಡಸಾಲೆಗೆ ಕೇಳುವ ಹಾಗೆ, ಸಹಜವಾಗಿ.

ಕೊಂಬು ನನ್ನ ಭುಜದ ಮೇಲಿಂದ ಹಾರಿ ಆ ಕಪ್ಪು ಮೂಲೆಗೆ ಬಿತ್ತು. ನೂಲು ನನ್ನ ಮೊಳಕಾಲ ಮೇಲೆ ಬಿದ್ದಿತ್ತು. ಎರಡು ಬೆರಳಿನಲ್ಲಿ ಅದನ್ನು ಹಿಡಿದು ನನ್ನ ಕಡೆಗೆ ಎಳೆದುಕೊಳ್ಳಲು ನೋಡಿದೆ. ಬರಲಿಲ್ಲ.

ಅವಳು ಇನ್ನೂ ಎಳೆಯಲು ಶುರು ಮಾಡಿರಲಿಲ್ಲ. ನನ್ನ ಬೆರಳಿನಿಂದ ತೂತಿನ ಕಡೆಗೆ ಹೋದ ನೂಲು ಸಡಿಲಾಗಿ ನೆಲದ ಮೇಲೆ ಬಿದ್ದಿತ್ತು. ಬೆರಳಿನಿಂದ ಕತ್ತಲಿನ ಕಡೆಗೆ ಹೋದ ನೂಲು ನೆಲ ಬಿಟ್ಟು ಮೇಲೆದ್ದು, ಮಗ್ಗದ ಮೇಲಿನ ಎಳೆಯ ಹಾಗೆ ಬಿಗಿಯಾಗಿತ್ತು. ಮತ್ತೆ ಎಳೆದೆ. ಕಲ್ಲಿಗೆ ಸಿಕ್ಕ ನೂಲು ಒಂದೇ ಸಮ ಬಿಗಿಯಾಗಿರುತ್ತದೆ. ಇದು ಸ್ವಲ್ಪ ಬಂದು, ತಿರುಗಿ ಹೋಯಿತು.

ಅಷ್ಟರಲ್ಲಿ ಹೊರಗಿನಿಂದ ಅವಳೂ ಒಮ್ಮೆ ಎಳೆದು ನೋಡಿದಳು, ನೂಲು ಬರಲಿಲ್ಲ. ನಾನು ಭಯದಲ್ಲಿ ಜೋರಾಗಿ ಜಗ್ಗಿದೆ. ನೂಲು ಹರಿದ ಸಪ್ಪಳ ಆ ಕಲ್ಲಿನೊಳಗೆ ದೊಡ್ಡದಾಗಿ ಕೇಳಿಸಿತು. ಕೈ ಬಿಟ್ಟು ಮೊಳಕಾಲಿನೊಳಗೆ ಮುಖ ಹುದುಗಿಸಿ ಕಣ್ಣು ಮುಚ್ಚಿದೆ. ಎಷ್ಟು ಹೊತ್ತೋ. ಆಮೇಲೆ ನನ್ನ ಪಾದದ ಮೇಲೆ ತಣ್ಣಗಿನ, ಗಂಟುಗಂಟಾದ ಏನೋ ಒಂದು ನಿಧಾನವಾಗಿ ಹರಿದು ಬೆಳಕಿನ ಕಡೆಗೆ ಹೋಯಿತು. ಹಲ್ಲಿ ಎಂದುಕೊಂಡೆ. ಬಳೆಯ ಸಪ್ಪಳ ದೂರವಾಯಿತು.

ನನ್ನ ಕೆಲಸ ಕೆಟ್ಟಿತ್ತು. ನೂಲು ಹರಿದಿತ್ತು, ಅಂದರೆ ಅವಳ ಗಂಡ ಸತ್ತಿದ್ದ, ಉಡಿಕಿ ಆಗುವುದೇ. ಹಾಗೆಂದುಕೊಂಡೇ ಸಂಜೆ ಮನೆಗೆ ಬಂದೆ. ಅವಳು ಅವ್ವನ ಮುಂದೆ ಕುಳಿತಿದ್ದಳು.

"ಕೊಂಬ ತಿರುಗಿ ಬಂತ್ರಿ ಅತ್ತೀ" ಎಂದಳು. "ನೂಲ ಹರೀಲಿಲ್ಲ. ಅಂವ ಅಲ್ಲಿಲ್ಲ. ನಾ ಯಾರ ಮನೀಗೂ ಬರಾಂಗಿಲ್ಲ."

ಹೇಳುವಾಗ ನನ್ನ ಕಡೆ ಒಮ್ಮೆ ನೋಡಿದಳು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಮಗ್ಗದ ಸಪ್ಪಳ ನಿಂತಿತು, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ನೂಲು ಹರಿದದ್ದು ನನಗೆ ಗೊತ್ತಿತ್ತು. ಅವಳೇ ಸುಳ್ಳು ಹೇಳುತ್ತಿದ್ದಾಳೆ, ಅವಳಿಗೇ ಅಣ್ಣ ಬೇಡವಾಗಿದ್ದಾನೆ ಎಂದುಕೊಂಡೆ. ಆ ಯೋಚನೆ ನನಗೆ ಅನುಕೂಲವಾಗಿತ್ತು. ನೂಲು ಹರಿಯಿತು, ನಾನು ಅಲ್ಲಿದ್ದೆ ಎಂದು ಒಂದು ಮಾತು ಆಡಿದ್ದರೆ ಎಲ್ಲ ಅಲ್ಲಿಯೇ ಇತ್ಯರ್ಥವಾಗುತ್ತಿತ್ತು. ಆಡಲಿಲ್ಲ. ಜಮಖಂಡಿಗೆ ಹೋದೆ, ಮ್ಯಾಟ್ರಿಕ್ ಪಾಸಾದೆ, ಒಂದು ಅಂಗಡಿಯಲ್ಲಿ ಗುಮಾಸ್ತನಾದೆ. ಅವಳು ಕುಂಕುಮ ಹಚ್ಚಿಕೊಂಡು ಕಂಡಿಕೆ ಸುತ್ತಲು ಬರುತ್ತಲೇ ಇದ್ದಳು, ಆದರೆ ನನ್ನನ್ನು ಸಾಹೇಬ್ರು ಎಂದು ಕರೆಯುವುದು ನಿಂತಿತು. ದಾಳಿಂಬೆ ಸೀರೆಯನ್ನು ಅವ್ವ ಮಡಿಸಿ ಟ್ರಂಕಿನಲ್ಲಿಟ್ಟಳು. ಅಣ್ಣ ಮತ್ತೆ ಮದುವೆ ಮಾಡಿಕೊಳ್ಳಲಿಲ್ಲ.

ಮೂರು ವರ್ಷಕ್ಕೆ ಅವ್ವ ಹೋದಳು. ಅದರ ಮರುವರ್ಷ ಅಣ್ಣ ನಾಲ್ಕು ದಿನದ ಜ್ವರದಲ್ಲಿ ಹೋದ. ಮಗ್ಗದ ಮೇಲೆ ಅರ್ಧ ಸೀರೆ ಹಾಗೆಯೇ ಉಳಿಯಿತು.

ಹದಿನೈದು ದಿನ ಕಳೆದ ಮೇಲೆ ಅವಳು ಅವ್ವ ಹೋದ ಮೇಲೆ ತನ್ನ ಮನೆಗೆ ಒಯ್ದಿದ್ದ ನಮ್ಮ ರಾಟಿಯನ್ನು ತಿರುಗಿ ಕೊಡಲು ಬಂದಳು. ಇಟ್ಟು ಹೋಗಲಿಲ್ಲ. ಕಂಬಕ್ಕೆ ಒರಗಿ ಕುಳಿತು, "ತಮ್ಮಾ, ಇನ್ನ ಹೇಳಿದ್ರ ಯಾರಿಗೂ ನೋವಾಗೂದಿಲ್ಲ" ಎಂದಳು. "ಅವತ್ತ ತಿರುಗಿ ಬರೂ ಮುಂದ ನಿನ್ನ ಚಪ್ಪಲಿ ನೋಡಿದ್ನಿ. ಕಾರಿ ಗಿಡದ ಬುಡಕ ಇದ್ದುವು. ಎಡಗಾಲಿಂದು ಹಿಮ್ಮಡ ಸವದಿತ್ತು."

ನಾನು ನನ್ನ ಎಡಗಾಲಿನ ಕಡೆ ನೋಡಿದೆ.

"ನಿಮ್ಮವ್ವಗ ನಾ ಒಲ್ಲದಾಗಿದ್ನಿ. ತಾನ ಮಾತ ತಗದಾಕಿ, ಬ್ಯಾಡಂತ ಬಾಯಿಲೆ ಹೇಳಾಕ ಆಗಲಿಲ್ಲ, ನಿನ್ನ ಕಳಿಸಿದ್ಲು. ಇರಲಿ. ಆದರ ಹರದ ನೂಲಿಗೆ ಗಂಟ ಹಾಕಿ ಕಳಸೂವಷ್ಟು ಒಲ್ಲದಾಗಿದ್ನೇನೋ ತಮ್ಮಾ?"

"ಗಂಟ?"

ಉಡಿಯಿಂದ ಬಟ್ಟೆಯ ಚೂರೊಂದನ್ನು ತೆಗೆದು ಬಿಚ್ಚಿದಳು. ಒಣಗಿ ಕಪ್ಪಾದ ಅರಿಷಿಣ ಕೊಂಬು, ಅದಕ್ಕೆ ಕಟ್ಟಿದ ಹಸಿರು ನೂಲು. ಕೊಂಬಿನಿಂದ ಒಂದು ಗೇಣಿನ ಮೇಲೆ, ನೂಲು ಹರಿದು ಮತ್ತೆ ಕೂಡಿದ ಜಾಗದಲ್ಲಿ ಒಂದು ನೇಕಾರ ಗಂಟು. ರಾಗಿ ಕಾಳಿಗಿಂತ ಸಣ್ಣದು.

"ಮದಲ ಹಿಡದಿತ್ತು. ಆಮ್ಯಾಲ ಹರದ ಸಪ್ಪಳ ಆತು. ನಾ ಕೂತ್ನಿ, ಅಳೂದರೆ ಅಳೂಣು ಅಂತ. ಆಮ್ಯಾಲ ಎಳದ್ರ ಕೊಂಬ ಬಂತು."

"ನಾ ಗಂಟ ಹಾಕಿಲ್ಲಕ್ಕಾ."

"ಮತ್ತ ಯಾರ ಹಾಕಿದ್ರ, ನರಿ?"

"ನನಗ ಆ ಗಂಟ ಬರೂದಿಲ್ಲ."

ಅವಳು ರಾಟಿಯ ನೂಲನ್ನು ಹರಿದು ಎರಡು ತುದಿಗಳನ್ನು ನನ್ನ ಕೈಗೆ ಕೊಟ್ಟಳು. ಹಾಕು ಎಂದಳು. ಹಾಕಿದೆ. ಅವಳು ಎಳೆದ ಕೂಡಲೇ ಬಿಚ್ಚಿತು. ಮತ್ತೆ ಹಾಕಿದೆ, ಮತ್ತೆ ಬಿಚ್ಚಿತು. ಮೂರನೆಯ ಸಲ ನನ್ನ ಬೆರಳುಗಳನ್ನು ನೋಡುತ್ತ ನೋಡುತ್ತ ಅವಳ ಮುಖ ಬದಲಾಯಿತು.

"ಒಳಗ ಹಿಡದಿದ್ದು ನೀ ಅಲ್ಲ?"

"ಅಲ್ಲ. ನಾ ಬಿಡಸಾಕ ಜಗ್ಗಿದ್ನಿ. ಆಗ ಹರೀತು."

ಆ ಹಸಿರು ನೂಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ನಮ್ಮಾಂವ ಗಂಟ ಇಷ್ಟ ಸಣ್ಣ ಹಾಕ್ತಿದ್ದ" ಎಂದಷ್ಟೇ ಹೇಳಿದಳು. ಅಳಲಿಲ್ಲ. ಸೆರಗಿನ ತುದಿಯಿಂದ ಹಣೆಯ ಕುಂಕುಮ ಒರೆಸಿಕೊಂಡಳು.

ಅವ್ವ ನನ್ನನ್ನು ಕಳಿಸಿರಲಿಲ್ಲ, ನಾನೇ ಹೋಗಿದ್ದೆ, ಯಾಕೆ ಹೋಗಿದ್ದೆ ಎಂದು ಎಲ್ಲ ಹೇಳಿದೆ. ಟ್ರಂಕಿನಿಂದ ದಾಳಿಂಬೆ ಸೀರೆ ತಂದು ಅವಳ ಮುಂದೆ ಇಟ್ಟೆ. ಅದನ್ನು ಮುಟ್ಟಿ ನೋಡಿದಳು, ಅಣ್ಣನ ನೇಯ್ಗೆ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಸತ್ತ ಗಂಡನಿಗೆ ಬಾರದ ಅಳು ಆಗ ಬಂತು. "ನಿಮ್ಮವ್ವನ ಮ್ಯಾಲ ಸುಳ್ಳ ಸಿಟ್ಟ ಇಟ್ಕೊಂಡ ಕುಂತ್ನೆಲ್ಲೋ" ಎಂದು ಎಷ್ಟೋ ಸಲ ಹೇಳಿದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಸ್ವಲ್ಪ ಹಗುರಾಗಿರುತ್ತಿದ್ದೆ.

ಮರುದಿನ ಕಂದೀಲು ತೆಗೆದುಕೊಂಡು ಕಲ್ಲಮನಿಗೆ ಹೋದೆ. ಎಡಗಡೆಯ ಮೂಲೆಯನ್ನು ಬೆಳಕಿನಲ್ಲಿ ನೋಡಿದೆ, ಕೈಯಿಂದ ಸವರಿದೆ. ಚಪ್ಪಡಿ ನುಣುಪಾಗಿತ್ತು. ಬಿರುಕಿಲ್ಲ, ಬೇರಿಲ್ಲ, ಮುಳ್ಳಿಲ್ಲ. ನೂಲು ಸಿಗಿಬೀಳುವಂಥ ಏನೂ ಅಲ್ಲಿರಲಿಲ್ಲ.

ಅವಳು ರಾಟಿಯನ್ನು ತಿರುಗಿ ಒಯ್ಯಲಿಲ್ಲ. ಮರುವಾರ ಬಂದು ಅಣ್ಣನ ಮಗ್ಗದ ಮೇಲಿನ ಅರ್ಧ ಸೀರೆಯ ಧೂಳು ಝಾಡಿಸಿ, "ಇಳಿ" ಎಂದಳು. ಇಳಿದೆ. ಕಾಲು ಕುಣಿಯೊಳಗೆ ಹೋಯಿತು, ತಂಪಾಗಿತ್ತು. ಮೊದಲ ದಿನ ಪೂರ ಗಂಟು ಹಾಕುವುದನ್ನೇ ಕಲಿಸಿದಳು. ಅಂಗಡಿ ಬಿಟ್ಟೆ. ಅವಳು ಇರುವವರೆಗೆ ನನ್ನ ಮಗ್ಗಕ್ಕೆ ಅವಳೇ ಕಂಡಿಕೆ ಸುತ್ತಿದಳು. ದಾಳಿಂಬೆ ಸೀರೆಯನ್ನು ಬದುಕಿದ್ದಾಗ ಉಡಲಿಲ್ಲ. ಕೊನೆಯ ದಿನ ನಾವೇ ಹೊದಿಸಿದೆವು.

ಕೊಂಬು, ಹಸಿರು ನೂಲು ಈಗ ನನ್ನ ಹತ್ತಿರ ಇವೆ. ಕಣ್ಣು ಮಂಜಾಗುವವರೆಗೂ ನೇಯ್ದವನು ನಾನು, ಕೈಯಲ್ಲಿ ಎಷ್ಟು ಸಾವಿರ ಎಳೆ ಹರಿದು ಕೂಡಿವೆಯೋ. ಆಗಾಗ ಆ ನೂಲಿನ ಪಕ್ಕದಲ್ಲಿ ನನ್ನದೊಂದು ಗಂಟನ್ನು ಇಟ್ಟು ಬೆರಳಿನಿಂದ ಮುಟ್ಟಿ ನೋಡುತ್ತೇನೆ. ನನ್ನದು ಇವತ್ತಿಗೂ ಅದಕ್ಕಿಂತ ದಪ್ಪ.