ಅಷ್ಟಮಿಯ ವಾರ ಸೋರಿದ ಸೋಲಾರ್ ಮಾಡು

ದೇವರ ದೀಪಗಳಿಗೆ ಹುಣಸೆಹುಳಿ ಹಚ್ಚಿ ಉಜ್ಜುತ್ತಿದ್ದೆ. ಕಟಪಾಡಿ ಪೇಟೆಯಲ್ಲಿರುವ ನಮ್ಮ ಹಿಟ್ಟಿನ ಗಿರಣಿಯಿಂದ ಯಜಮಾನರ ಫೋನು ಬಂತು.

"ಮಾಡು ಸೋರ್ತಾ ಉಂಟು ಮಾರಾಯ್ತಿ. ಸೀದಾ ಮಿಶನಿನ ಮೇಲೆಯೇ. ಬಂದ್ ಮಾಡಿದೆ."

ಕೃಷ್ಣಾಷ್ಟಮಿಗೆ ಐದೇ ದಿನ ಇತ್ತು. ಚಕ್ಕುಲಿಗೆ, ಉಂಡೆಗೆ ಎಂದು ಊರಿನವರೆಲ್ಲ ಅಕ್ಕಿ, ಉದ್ದು ಹಿಡಿದುಕೊಂಡು ಗಿರಣಿಗೆ ಬರುವ ವಾರ ಅದು. ಕೈ ತೊಳೆದುಕೊಂಡು ಓಡಿದೆ.

ಹೋದ ಬೇಸಿಗೆಯಲ್ಲಿ ಗಿರಣಿಯ ಮಾಡಿನ, ಅಂದರೆ ಛಾವಣಿಯ, ಹಳೆಯ ಹಂಚು ಇಳಿಸಿ ಸೋಲಾರ್ ಹಾಕಿಸಿದ್ದೆವು. ಮಾಡಿನ ಮೇಲೆ ಪ್ಯಾನಲ್ ಇಟ್ಟದ್ದಲ್ಲ, ಪ್ಯಾನಲೇ ಮಾಡು. ಕೆಳಗೆ ಶೀಟೂ ಇಲ್ಲ, ಹಂಚೂ ಇಲ್ಲ. ಹಂಚು ಇದ್ದಾಗ ಮಳೆಗಾಲಕ್ಕೆ ಮೊದಲು ಕಾಪುವಿನಿಂದ ಒಬ್ಬರು ಬಂದು, ಒಡೆದದ್ದನ್ನು ಬದಲಿಸಿ, ಮಧ್ಯಾಹ್ನದ ಊಟಕ್ಕೆ ಇಳಿಯುತ್ತಿದ್ದರು. ಈಗಲೂ ಅವರನ್ನೇ ಕರೆಸಿದೆವು. ಕೊಡೆ ಹಿಡಿದು ಮೇಲೆ ನೋಡಿದರು, ಹತ್ತಲಿಲ್ಲ.

"ಅಕ್ಕಾ, ಇದು ಮಾಡಲ್ಲ, ಕರೆಂಟು. ನಾನು ಕಾಲಿಡುವುದಿಲ್ಲ."

ಸೋಲಾರ್ ಹಾಕಿದವರ ಮಣಿಪಾಲದ ಆಫೀಸಿಗೆ ನಾನೇ ಫೋನು ಮಾಡಿದೆ. ಇಂಜಿನಿಯರ್ ಕೇಳಿದರು, "ಮೇಡಂ, ಕರೆಂಟು ಬರ್ತಾ ಉಂಟಾ?"

"ಉಂಟು."

"ಹಾಗಾದರೆ ಪ್ಯಾನಲ್ ಸರಿ ಉಂಟು. ಸೋರುವುದಕ್ಕೆ ಮಾಡಿನ ಕೆಲಸದವರನ್ನು ಕರೆಯಿರಿ."

"ನಿಮ್ಮ ಪ್ಯಾನಲೇ ಮಾಡು ಅಲ್ವಾ?"

"ಅದು ಸಿವಿಲ್ ಕೆಲಸ ಮೇಡಂ."

ಎರಡು ದಿನ ಹೀಗೆಯೇ ಹೋಯಿತು. ಮಿಶನಿಗೆ ಟರ್ಪಾಲು ಹೊದೆಸಿ ಕೂತೆವು. ಅಕ್ಕಿ ತೊಳೆದು, ನೆರಳಲ್ಲಿ ಒಣಗಿಸಿ ತಂದ ಒಬ್ಬರು ಮುಚ್ಚಿದ ಬಾಗಿಲು ನೋಡಿ, "ಎಂತ ಅಕ್ಕಾ, ಈ ಸಲ ಕೃಷ್ಣನಿಗೆ ಬೇಕರಿ ಚಕ್ಕುಲಿಯಾ?" ಎಂದು ನಕ್ಕು ಆದಿ ಉಡುಪಿಯ ಗಿರಣಿಗೆ ಹೋಗಲು ಬಸ್ಸು ಹತ್ತಿದರು. ನನಗೆ ಅಳುವೇ ಬಂತು. ಅವರ ಅತ್ತೆಯ ಕಾಲದಿಂದ ನಮ್ಮಲ್ಲೇ ಹಿಟ್ಟು ಮಾಡಿಸಿದವರು.

ಮೂರನೆಯ ದಿನ ಸುಳ್ಳು ಹೇಳಿದೆ. ಕಾಪುವಿನವರಿಗೆ, "ಕಂಪೆನಿಯವರು ಬಂದು ಕರೆಂಟು ತೆಗೆದಿದ್ದಾರೆ, ಬನ್ನಿ" ಎಂದೆ. ಮಣಿಪಾಲಕ್ಕೆ, "ಮಾಡಿನವರು ಬಂದಿದ್ದಾರೆ, ಹಾರೆ ಹಾಕಿ ನಿಮ್ಮ ಪ್ಯಾನಲ್ ಎಬ್ಬಿಸ್ತಾರಂತೆ" ಎಂದೆ. ಎರಡು ದಿನ ಈ ಕಡೆ ತಲೆ ಹಾಕದ ಇಂಜಿನಿಯರ್ ಅರ್ಧ ಗಂಟೆಯಲ್ಲಿ ಬಂದರು. ಕಾಪುವಿನವರೂ ಆಗಲೇ ಬಂದು ನಿಂತಿದ್ದರು.

"ಹಾರೆ ಎಲ್ಲಿ?"

"ಯಾವ ಹಾರೆ? ನೀವು ಕರೆಂಟು ತೆಗೆದದ್ದು ಎಲ್ಲಿ?" ಎಂದರು ಕಾಪುವಿನವರು.

ಇಬ್ಬರೂ ನನ್ನ ಮುಖ ನೋಡಿದರು. ನಾನು ಚಹಾ ಮುಂದಿಟ್ಟೆ.

ಕೊನೆಗೆ ಒಬ್ಬರು ಕರೆಂಟು ತೆಗೆದರು, ಇನ್ನೊಬ್ಬರು ಒಳಗಿನಿಂದ ಏಣಿ ಇಟ್ಟು ಹತ್ತಿದರು. ಎರಡು ಪ್ಯಾನಲ್ ಸೇರುವಲ್ಲಿ ಕೆಳಗೆ ನೀರು ಹರಿಯಲು ಸಣ್ಣ ತಗಡಿನ ದಂಬೆ ಉಂಟು. ಅದರೊಳಗೆ ಕೈ ಹಾಕಿ ಬಿಳಿಯ ಮುದ್ದೆಯೊಂದನ್ನು ಎಳೆದರು.

"ಅಕ್ಕಾ, ಕಡುಬಿಗೆ ಹಿಟ್ಟು ಇಲ್ಲೇ ಉಂಟಲ್ಲ!"

ಗಿರಣಿಯ ಹಿಟ್ಟಿನ ಧೂಳು ಮೇಲೆ ಹೋಗಿ ದಂಬೆಯಲ್ಲಿ ಕೂತು, ಮಳೆನೀರಿಗೆ ಕಲಸಿಹೋಗಿ, ಗಟ್ಟಿಯಾಗಿ ನೀರಿನ ದಾರಿ ಮುಚ್ಚಿತ್ತು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

"ಇದನ್ನು ಇನ್ನು ಯಾರು ತೆಗೆಯುವುದು?" ಎಂದು ಯಜಮಾನರು ಕೇಳಿದರು.

"ನಮ್ಮ ಸರ್ವಿಸಿನಲ್ಲಿ ಬರುವುದಿಲ್ಲ," ಎಂದರು ಇಂಜಿನಿಯರ್. ಕಾಪುವಿನವರು, "ಹಿಟ್ಟು ನಂದಲ್ಲ," ಎಂದರು.

"ಹೊರಗೆ ಹಿಟ್ಟಿನ ಗಿರಣಿ ಅಂತ ಬೋರ್ಡು ಉಂಟು. ಅದನ್ನು ಓದಿಯೇ ಅಲ್ವಾ ನೀವು ಪ್ಯಾನಲ್ ಹಾಕಿದ್ದು? ಒಂದು ಮಾತು ಹೇಳಬಹುದಿತ್ತಲ್ಲ?" ಎಂದೆ. ಇಂಜಿನಿಯರ್ ಮೊಬೈಲು ನೋಡತೊಡಗಿದರು.

ಸಂಜೆ ಮಿಶನು ತಿರುಗಿತು. ಕೆಡಲಿಲ್ಲ, ಯಾರಿಗೂ ಶಾಕ್ ಹೊಡೆಯಲಿಲ್ಲ, ಉದ್ದಿನ ಚೀಲಗಳು ಒದ್ದೆಯಾಗಲಿಲ್ಲ. ದೇವರು ಅಷ್ಟು ಮಾಡಿದ. ಉಳಿದ ಎರಡು ದಿನ ಜನ ಬಂದರು, ಆದರೆ ಮೊದಲಿನ ಸಾಲಿನ ಅರ್ಧವೂ ಇರಲಿಲ್ಲ. ಆದಿ ಉಡುಪಿಗೆ ಹೋದವರು ಮುಂದಿನ ಅಷ್ಟಮಿಗೆ ನಮ್ಮಲ್ಲಿಗೆ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ದಂಬೆಯ ಹಿಟ್ಟು ತೆಗೆಯುವ ಕೆಲಸ ಈಗ ನಮ್ಮಿಬ್ಬರದು. ತಿಂಗಳಿಗೊಮ್ಮೆ ಯಜಮಾನರು ಹತ್ತಬೇಕು, ನಾನು ಏಣಿ ಹಿಡಿಯಬೇಕು.

ಮನೆಗೆ ಬಂದು, ಹೇಳಿದ ಎರಡು ಸುಳ್ಳಿಗೆ ಎರಡು ನಾಣ್ಯ ತಪ್ಪುಕಾಣಿಕೆ ತೆಗೆದಿಟ್ಟೆ. ಸಿಟ್ಟು ಮಾತ್ರ ಇಳಿದಿರಲಿಲ್ಲ. ಅದನ್ನೂ ದೇವರಿಗೇ ಹೇಳಿ, ರಾತ್ರಿಯ ಸಾಂಬಾರಿಗೆ ಬಸಳೆ ಹೆಚ್ಚಲು ಕೂತೆ.