ಏಸಿಗೆ ತೊಡಿಸಿದ ಅಂಗಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಬರಿಮೈಯ ವಸ್ತುಗಳನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ನಮ್ಮ ಮನೆಯ ಮಿಕ್ಸಿಗೆ ಹೂವಿನ ಗವುಸು ಇದೆ, ಫ್ರಿಜ್ಜಿನ ತಲೆಗೆ ಕ್ರೋಶಾ ಹಾಸು ಇದೆ. ಟಿವಿಯ ರಿಮೋಟ್ ಅಂಗಡಿಯಿಂದ ತೊಟ್ಟುಬಂದ ಪ್ಲಾಸ್ಟಿಕ್ಕಿನಲ್ಲೇ ಮುದಿಯಾಗಿದೆ. ಅದರ ಅಂಕಿಗಳು ಈಗ ಕಾಣುವುದಿಲ್ಲ; ಯಾವುದು ಎಲ್ಲಿದೆ ಎಂದು ಹೆಬ್ಬೆರಳಿಗೆ ಗೊತ್ತು, ಅಷ್ಟೇ. ಇದಕ್ಕೆಲ್ಲ ನಾನು ಕಲಿತ ಮಂಗಳೂರಿನ ಕಾನ್ವೆಂಟೇ ಕಾರಣ ಎಂದು ಹೇಳಿಕೊಂಡು ತಿರುಗುತ್ತೇನೆ. ಅಲ್ಲಿ ಜೂನ್ ತಿಂಗಳೆಂದರೆ ಓದುವುದಲ್ಲ, ಪುಸ್ತಕಗಳಿಗೆ ಕಂದು ಕಾಗದದ ಬೈಂಡು ಹಾಕುವುದು. ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಪ್ರತಿ ಪುಸ್ತಕದ ಮೂಲೆಯನ್ನೂ ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಮಡಿಕೆ ಸಡಿಲವಾಗಿದ್ದರೆ, ಈ ಹುಡುಗಿ ಮುಂದೆ ಸಂಸಾರ ಹೇಗೆ ತೂಗಿಸುತ್ತಾಳೋ ಎಂಬಂಥ ನೋಟ. ನನ್ನ ಮೂಲೆಗಳು ಯಾವತ್ತೂ ಸಡಿಲವಾಗಿರಲಿಲ್ಲ. ಒಳಗಿನ ಲೆಕ್ಕಗಳು ತಪ್ಪಿರುತ್ತಿದ್ದವು, ಅದು ಬೇರೆ ಮಾತು.

ಇಂಥ ನನ್ನನ್ನು ಹುಡುಕಿಕೊಂಡು ಕಳೆದ ಬೇಸಿಗೆಯಲ್ಲಿ ಒಂದು ಪ್ರಶ್ನೆ ಬಂತು. ಕೇಳಿದವಳು ಇಂಗ್ಲೆಂಡಿನಲ್ಲಿರುವ ತಂಗಿ ವಿನುತಾ. ಅವಳು ಹೊಸದಾಗಿ ಹೊಕ್ಕ ಮನೆಯ ಕೋಣೆಕೋಣೆಯಲ್ಲೂ ರೇಡಿಯೇಟರು. ಗೋಡೆಗೆ ಆನಿಸಿ ನಿಲ್ಲಿಸಿದ ಕಬ್ಬಿಣದ ಮಡಿಕೆಗಳು; ಒಳಗೆ ಬಿಸಿನೀರು ಹರಿದು ಚಳಿಗಾಲದಲ್ಲಿ ಕೋಣೆ ಬೆಚ್ಚಗಾಗುವ ಏರ್ಪಾಡು. ಹಿಂದೆ ಇದ್ದವರು ಅವಕ್ಕೆಲ್ಲ ಜಾಲರಿಯ ಮರದ ಕವರು ಹಾಕಿಸಿ ಹೋಗಿದ್ದಾರಂತೆ.

"ಇಡುವುದಾ ತೆಗೆಯುವುದಾ ಅಕ್ಕ? ನೋಡ್ಲಿಕ್ಕೆ ಚೆಂದ ಉಂಟು" ಎಂದಳು.

"ಬಿಸಿಯೆಲ್ಲ ಪೆಟ್ಟಿಗೆಯ ಒಳಗೇ ಕೂತ್ರೆ ನಿಂಗೆ ಎಂತ ಸಿಕ್ಕಿತು? ತೆಗೆದು ಬಿಸಾಡು" ಎಂದೆ.

ಬೇರೆಯವರ ಮನೆಯ ವಿಷಯದಲ್ಲಿ ನನ್ನ ಬುದ್ಧಿ ಬಹಳ ಚುರುಕು. ಫೋನಿಟ್ಟು ತಿರುಗಿದರೆ ಎದುರಿಗೇ ನಮ್ಮ ಏಸಿಯ ಮರದ ಪೆಟ್ಟಿಗೆ, ಎಣ್ಣೆ ತಿಂದು ಮಿರಮಿರ ಹೊಳೆಯುತ್ತಿತ್ತು.

ನಮ್ಮದು ದುಬೈಯ ಊದ್ ಮೇಥಾದ ಒಂದು ಹಳೆಯ ಕಟ್ಟಡ. ಹೊಸ ಕಟ್ಟಡಗಳಲ್ಲಿ ತಂಪು ಎಲ್ಲಿಂದ ಬರುತ್ತದೆಂದು ಯಾರಿಗೂ ಕಾಣುವುದಿಲ್ಲ. ನಮ್ಮಲ್ಲಿ ಹಾಗಲ್ಲ, ಗೋಡೆಯ ತೂತಿನಲ್ಲಿ ಕೂತ ಕಿಟಕಿ ಏಸಿ ಹಾಲಿನ ಅರ್ಧ ಗೋಡೆಯನ್ನು ನುಂಗಿದೆ. ಹದಿನಾರು ವರ್ಷದ ಹಿಂದೆ, ಮನೆಗೆ ಬಂದ ಹೊಸತರಲ್ಲಿ, ಊಟ ಬಡಿಸುತ್ತಾ ನಾನು ಒಂದು ಮಾತು ಹೇಳಿದೆ: "ಎಲ್ಲ ಸರಿ, ಈ ಏಸಿಯ ಮೋರೆಯೊಂದು ನೋಡ್ಲಿಕ್ಕಾಗುವುದಿಲ್ಲ." ಊಟಕ್ಕೆ ಕೂತಿದ್ದವರು ಸದಾಶಿವ ಆಚಾರ್ರು. ನಮ್ಮವರ ಊರಿನವರೇ, ಒಳಾಂಗಣ ಕೆಲಸದ ಕಂಪೆನಿಯೊಂದರಲ್ಲಿ ಬಡಗಿ, ವಾಸ ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿ. ಆ ವರ್ಷ ಅವರು ಕಾಲು ಮುರಿದುಕೊಂಡು ಮಲಗಿದ್ದಾಗ ಒಂದು ತಿಂಗಳು ನಮ್ಮ ಮನೆಯಿಂದ ಗಂಜಿ, ಚಟ್ನಿ ಹೋಗಿತ್ತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡ ಮನುಷ್ಯ ಅವತ್ತು ಊಟ ಮುಗಿಸಿ, ಕೈ ತೊಳೆದು, ಏಸಿಯನ್ನು ಗೇಣಿನಲ್ಲಿ ಅಳೆದುಕೊಂಡು ಹೋದರು.

ಆಗ ಇಲ್ಲಿ ರಜೆ ಶುಕ್ರವಾರ. ಎಷ್ಟೋ ಶುಕ್ರವಾರಗಳನ್ನು ಕೂಡಿಸಿ, ಫೋರ್‌ಮನ್ನನ್ನು ಕೇಳಿ ತಂದ ಉಳಿಕೆ ಮರದಲ್ಲಿ ಅವರು ಆ ಪೆಟ್ಟಿಗೆ ಮಾಡಿದರು. ಮುಂಭಾಗಕ್ಕೆ ಹೂಬಳ್ಳಿಯ ಜಾಲರಿ, ಪಕ್ಕದಲ್ಲಿ ಅಂಗೈಯಗಲದ ಬಾಗಿಲು, ಅದಕ್ಕೊಂದು ಹಿತ್ತಾಳೆಯ ಗುಬಟು. ಬಾಗಿಲು ತೆರೆದು, ಕೈ ಒಳಗೆ ಹಾಕಿ, ತಡಕಾಡಿ ಏಸಿಯ ತಿರುಪನ್ನು ತಿರುಗಿಸಬೇಕು. ಮೊದಲ ಸಲ ನೋಡಿದಾಗ ನನಗೆ ಕಣ್ಣಲ್ಲಿ ನೀರೇ ಬಂದಿತ್ತು. ಏಸಿಗೂ ಒಂದು ಅಂಗಿ! ಕಾನ್ವೆಂಟಿನ ಹುಡುಗಿಗೆ ಇನ್ನೇನು ಬೇಕು?

ಮೇ ತಿಂಗಳು ಬಂದಾಗ ಗೊತ್ತಾಯಿತು. ತಂಪೆಲ್ಲ ಪೆಟ್ಟಿಗೆಯೊಳಗೆ, ನಾವೆಲ್ಲ ಹೊರಗೆ. ಮನೆಯಲ್ಲಿ ಅತಿ ತಂಪಾದ ಜಾಗವೆಂದರೆ ಆ ಪೆಟ್ಟಿಗೆಯ ಹೊಟ್ಟೆ. ನಾನು ಬಾಗಿಲಿನಿಂದ ಮಲ್ಲಿಗೆಯ ಚೆಂಡನ್ನು ಒಳಗಿಟ್ಟರೆ ಎರಡು ದಿನ ಬಾಡುತ್ತಿರಲಿಲ್ಲ. ನಮ್ಮವರು ಬಾಡುತ್ತಿದ್ದರು. ಅವರ ಬೆನ್ನಿನ ಬೆವರುಸಾಲೆಗೆ ಪೌಡರು ಹಚ್ಚುವುದು ಬೇಸಿಗೆಯ ನಿತ್ಯವಿಧಿಯಾಯಿತು. ಈ ಊರಿನ ಹಳೆಯ ಮನೆಗಳ ಮೇಲೆ ಗಾಳಿಗೋಪುರಗಳಿರುತ್ತವೆ. ವಿದ್ಯುತ್ತಿಲ್ಲದ ಕಾಲದಲ್ಲಿ ಹಾದುಹೋಗುವ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುತ್ತಿದ್ದವು. ಅದನ್ನು ಕಟ್ಟಿದವರು ನಾಲ್ಕು ಕಡೆಯೂ ತೆರೆದಿಟ್ಟರು. ಗಾಳಿಗೆ ಕವರು ಹಾಕುವ ಬುದ್ಧಿ ಅವರಿಗೆ ಹೊಳೆಯಲಿಲ್ಲ. "ಅರಬರ ಹಳೆಯ ಮನೆಗಳಲ್ಲೂ ಮರದ ಜಾಲರಿ ಇರ್ತಿತ್ತಲ್ಲ?" ಎಂದು ನಾನು ಒಮ್ಮೆ ವಾದ ಹೂಡಿದ್ದೆ. "ಆ ಜಾಲರಿಯ ಹಿಂದೆ ಕಿಟಕಿ ಇತ್ತು ಮಾರಾಯ್ತಿ, ಏಸಿ ಅಲ್ಲ" ಎಂದರು ನಮ್ಮವರು.

ಹಾಗಾದರೆ ತೆಗೆಯಬಾರದಿತ್ತೆ ಎಂದು ನೀವು ಕೇಳುತ್ತೀರಿ. ತೆಗೆಯುವುದು ಹೇಗೆ? ಆಚಾರ್ರು ವರ್ಷಕ್ಕೆ ಎರಡು ಸಲ, ಯುಗಾದಿಗೆ ಮತ್ತು ದೀಪಾವಳಿಗೆ, ಬರುತ್ತಿದ್ದರು. ಒಳಗೆ ಕಾಲಿಟ್ಟ ಕೂಡಲೇ ಅವರ ಕಣ್ಣು ಹೋಗುತ್ತಿದ್ದುದು ಪೆಟ್ಟಿಗೆಯ ಮೇಲೆ. ನಾವು ಹಿಂದಿನ ದಿನವೇ ಅದಕ್ಕೆ ತೆಂಗಿನೆಣ್ಣೆ ತಿಕ್ಕಿ, ಅವರ ಕುರ್ಚಿಯನ್ನು ಅದರ ಎದುರೇ ಇಡುತ್ತಿದ್ದೆವು. ಕಾಲು ಮುರಿದವರಿಗೆ ಗಂಜಿ ಕೊಡುವುದು ಸುಲಭ. ಅವರು ರಜೆಯ ದಿನಗಳನ್ನು ಕೊಟ್ಟು ಮಾಡಿದ್ದನ್ನು ಬೇಡವೆನ್ನುವುದು ಸುಲಭವಲ್ಲ.

ಈ ಆಗಸ್ಟಿನಲ್ಲಿ ಏಸಿ ಕೆಮ್ಮಿ ನಿಂತಿತು. ರಿಪೇರಿಗೆ ಬಂದ ಪೇಶಾವರದ ಮೆಕ್ಯಾನಿಕ್ ಪೆಟ್ಟಿಗೆಯನ್ನು ಸುತ್ತಿ ನೋಡಿ, "ಭಾಬೀಜಿ, ಇಸ್ ಕೋ ಸಾಂಸ್ ಲೇನೇ ದೋ. ಯೇ ನಿಕಾಲೋ, ಖಲಾಸ್!" ಎಂದ. ಏಸಿಗೆ ಉಸಿರಾಡಲು ಬಿಡಿ, ಇದನ್ನು ತೆಗೆದುಹಾಕಿ ಎಂದವನು ತಾನೇ ಸ್ಕ್ರೂ ಬಿಚ್ಚಿ ಬದಿಗಿಟ್ಟುಹೋದ. ಆಹಾ, ಆಮೇಲಿನ ವಾರಗಳು! ಹಾಲಿನ ಮೂಲೆಮೂಲೆಯೂ ತಂಪು. ಪೌಡರಿನ ಡಬ್ಬಿ ಮುಟ್ಟುವವರಿಲ್ಲ. ಪೆಟ್ಟಿಗೆ ಬೆಡ್‌ರೂಮಿನ ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿತ್ತು. ದೀಪಾವಳಿಯ ಹೊತ್ತಿಗೆ ನೋಡಿಕೊಳ್ಳೋಣ ಎಂದುಕೊಂಡೆವು.

ಸೆಪ್ಟೆಂಬರಿನಲ್ಲೇ ಆಚಾರ್ರ ಫೋನು ಬಂತು. "ಅಕ್ಕ, ವೀಸಾ ಕ್ಯಾನ್ಸಲ್ ಮಾಡಿದೆ. ಗುರುವಾರ ಊರಿಗೆ. ಇನ್ನು ಬರುವುದಿಲ್ಲ. ಆದಿತ್ಯವಾರ ಒಮ್ಮೆ ನಿಮ್ಮಲ್ಲಿಗೆ ಬಂದು ಹೋಗ್ತೇನೆ."

ಮನೆಯಲ್ಲಿ ಸಭೆ ಸೇರಿತು. ಇಷ್ಟು ವರ್ಷದ ಸ್ನೇಹದ ಕೊನೆಯ ಊಟ. ಅವರು ಬಂದು ಬರಿ ಏಸಿಯನ್ನು ನೋಡಿ, ಆ ನೋವನ್ನು ಕಟ್ಟಿಕೊಂಡು ವಿಮಾನ ಹತ್ತಬೇಕೆ?

"ಒಂದು ದಿನಕ್ಕೆ ಹಾಕುವ. ಎರಡು ಗಂಟೆ ಬೆವತ್ರೆ ಯಾರೂ ಸಾಯುವುದಿಲ್ಲ" ಎಂದರು ನಮ್ಮವರು, ಬೆನ್ನು ತುರಿಸಿಕೊಳ್ಳುತ್ತಾ.

"ದಟ್ಸ್ ಲೈಯಿಂಗ್, ಅಮ್ಮಾ" ಎಂದಳು ಹದಿನಾಲ್ಕರ ಮಗಳು ಅನ್ವಿತಾ.

"ಸುಳ್ಳಲ್ಲ ಮಗಾ, ಮರ್ಯಾದೆ."

"ಸೇಮ್ ಥಿಂಗ್ ವಿತ್ ಕೋಕೊನಟ್ ಆಯಿಲ್."

ನಾನು ಎಣ್ಣೆಯ ಬಾಟಲಿ ತಂದೆ. ಮೆಕ್ಯಾನಿಕ್ಕಿನ ಹಾಗೆ ನಮ್ಮಲ್ಲಿ ಒಳ್ಳೆಯ ಸ್ಕ್ರೂಡ್ರೈವರ್ ಇರಲಿಲ್ಲ. ನಮ್ಮವರು ಒಂದು ದಿರ್ಹಮಿನ ನಾಣ್ಯದಿಂದ ತಿರುಗಿಸಿ ತಿರುಗಿಸಿ ಹೇಗೋ ಕೂರಿಸಿದರು.

ಆದಿತ್ಯವಾರ ಆಚಾರ್ರು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದರು. ಕೂದಲು ನೆರೆತು, ನಡಿಗೆಯಲ್ಲಿ ಆ ಹಳೆಯ ಕಾಲಿನ ಸಣ್ಣ ಎಳೆತ. ನೀರುದೋಸೆ, ಅಲಸಂಡೆ ಪಲ್ಯ, ಹೆಸರುಬೇಳೆ ಪಾಯಸ ಮಾಡಿದ್ದೆ. ನಾಲ್ವರೂ ಬೆವರುತ್ತಾ ಕೂತೆವು. ಎರಡನೆಯ ದೋಸೆಗೇ ಅವರ ಕೈ ನಿಂತಿತು. ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಮನಸ್ಸು ತುಂಬಿ ಬಂದಿರಬೇಕು ಎಂದುಕೊಂಡು ನಾನೂ ಸೆರಗಿನ ತುದಿ ಹುಡುಕಿದೆ.

"ಅಕ್ಕ, ಒಂದು ಮಾತು ಹೇಳಿದ್ರೆ ಬೇಜಾರು ಮಾಡ್ಬಾರ್ದು" ಎಂದರು. "ಅದನ್ನು ನಾನು ಹೋಗುವ ಮೊದಲು ತೆಗೀಲಾ?"

"ಎಂತದು?"

"ಆ ಪೆಟ್ಟಿಗೆ. ಅದರ ತೂತು ಸಣ್ಣದಾಯ್ತು. ಗಾಳಿ ಬರುವುದಿಲ್ಲ. ಆಗ ನಂಗೆ ಏಸಿಯ ಕೆಲಸ ಗೊತ್ತಿರ್ಲಿಲ್ಲ. ಮತ್ತೆ ಆ ಬಳ್ಳಿ ನೋಡಿ, ತಲೆಕೆಳಗಾಗಿ ಕೂತಿದೆ. ಪ್ರತಿ ಸಲ ಬರುವಾಗ ಇವತ್ತಾದ್ರೂ ತೆಗೆದಿರ್ಲಪ್ಪಾ ಅಂತ ಬೇಡಿಕೊಂಡೇ ಬರುವುದು. ಬಂದ್ರೆ ನೀವು ಎಣ್ಣೆ ಹಚ್ಚಿ ದೇವರ ಹಾಗೆ ಇಟ್ಟಿರ್ತೀರಿ! ಮೇಲಿಂದ ನನ್ನನ್ನು ಅದರ ಎದುರೇ ಕೂರಿಸ್ತೀರಿ. ಹೇಳುವುದು ಹೇಗೆ?"

ನಮ್ಮವರು ನನ್ನನ್ನು ನೋಡಿದರು, ನಾನು ಪಾಯಸವನ್ನು ನೋಡಿದೆ. ಆಚಾರ್ರು ಆಗಲೇ ಎದ್ದು, ಕೈ ತೊಳೆದು, ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದಿದ್ದರು. ಪೆಟ್ಟಿಗೆಯ ಹತ್ತಿರ ಬಗ್ಗಿದವರು ಹಾಗೇ ನಿಂತರು. ಸ್ಕ್ರೂವಿನ ತಲೆಯನ್ನು ಹೆಬ್ಬೆರಳಿನಿಂದ ಸವರಿದರು.

"ಸುಧಾಕರಣ್ಣ, ಇದನ್ನು ಮೊನ್ನೆ ಬಿಚ್ಚಿದ್ದಲ್ವಾ? ನಾಣ್ಯದಲ್ಲಿ ತಿರುಗಿಸಿದ್ದೀರಿ" ಎಂದರು ನಮ್ಮವರ ಕಡೆ ತಿರುಗಿ.

ಬಡಗಿಯ ಕಣ್ಣು! ಅನ್ವಿತಾ ಫಕ್ಕನೆ ನಕ್ಕಳು. "ಅಂಕಲ್, ಅದು ನಿಮಗೋಸ್ಕರ ಹಾಕಿದ್ದು" ಎಂದಳು, ಅಪರೂಪಕ್ಕೆ ಪೂರ್ತಿ ಕನ್ನಡದಲ್ಲಿ. ಆಚಾರ್ರು ನೆಲದ ಮೇಲೆ ಕೂತೇ ನಗತೊಡಗಿದರು. ನಮ್ಮವರು ಆಗಸ್ಟಿನ ಕತೆಯನ್ನೆಲ್ಲ ಒಪ್ಪಿಸಿದರು. ಬೆವರುಸಾಲೆಯೂ ಬಿಡಲಿಲ್ಲ. ನಾನು ನಗುತ್ತಾ ನಗುತ್ತಾ ನಾಚಿ ಹೋದೆ. ಅವರು ನಮಗಾಗಿ ಸಹಿಸಿದರು, ನಾವು ಅವರಿಗಾಗಿ ಸಹಿಸಿದೆವು. ನಡುವೆ ಏಸಿಯೊಂದು ಉಸಿರುಕಟ್ಟಿ ಸತ್ತುಬದುಕಿತು.

ಪೆಟ್ಟಿಗೆ ಎರಡೇ ನಿಮಿಷದಲ್ಲಿ ಕೆಳಗಿಳಿಯಿತು. ಅದನ್ನು ಊರಿಗೆ ಕಾರ್ಗೋದಲ್ಲಿ ಕಳಿಸಿಕೊಡುವುದಾ ಎಂದು ನಮ್ಮವರು ಕೇಳಿದ್ದಕ್ಕೆ ಆಚಾರ್ರು ಕೈ ಮುಗಿದರು: "ಅಲ್ಲಿ ಇನ್ನು ನನ್ನ ಹೊಟ್ಟೆಪಾಡು ಮರದ ಕೆಲಸದಲ್ಲೇ ಅಣ್ಣ. ಅದನ್ನು ಕಂಡ್ರೆ ಯಾರು ಕೆಲಸ ಕೊಡ್ತಾರೆ?"

ನಿಂತಿದ್ದ ಊಟ ಮತ್ತೆ ಸಾಗಿತು. ಇನ್ನೂ ನಾಲ್ಕು ದೋಸೆ, ಎರಡು ಲೋಟ ಪಾಯಸ. ಇಷ್ಟು ವರ್ಷವೂ ಅವರು ಉಂಡ ಕೈ ಆರುವ ಮೊದಲೇ "ಬಸ್ಸಿಗೆ ಹೊತ್ತಾಯ್ತು" ಎಂದು ಎದ್ದುಬಿಡುತ್ತಿದ್ದರು. ಸಂಕೋಚದ ಮನುಷ್ಯ ಎಂದುಕೊಂಡು ನಾವೂ ಒತ್ತಾಯ ಮಾಡುತ್ತಿರಲಿಲ್ಲ. ಅವತ್ತು ಮೂರು ಗಂಟೆಯಾಯಿತು, ನಾಲ್ಕಾಯಿತು, ಅವರು ಏಳಲಿಲ್ಲ. ಸೋಫಾದಲ್ಲಿ ಕಾಲು ಮಡಚಿ ಕೂತು, ದುಬೈಗೆ ಇಳಿದ ಮೊದಲ ದಿನ ಶೂ ಕಳೆದುಕೊಂಡದ್ದರಿಂದ ಹಿಡಿದು ಎಲ್ಲ ಹೇಳಿದರು. ಹೆಂಡತಿ ಫೋನಿನಲ್ಲಿ ನಕ್ಕರೆ ಮುಖ ಹೇಗಿರುತ್ತದೆಂದು ಊಹಿಸಿಕೊಳ್ಳುತ್ತಿದ್ದುದನ್ನೂ ಹೇಳಿದರು. ಇಷ್ಟು ಮಾತು ಬರುವ ಮನುಷ್ಯ ಎಂದು ನಮಗೆ ಗೊತ್ತೇ ಇರಲಿಲ್ಲ. ಎಷ್ಟು ಸಂಜೆಗಳನ್ನು ಆ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದ್ದೆವೋ.

ಚಹಾ ಮಾಡಿ ತರುವಾಗ ಅವರು ತೋಳು ಉಜ್ಜಿಕೊಳ್ಳುತ್ತಿದ್ದುದು ಕಾಣಿಸಿತು. ಬರಿ ಏಸಿಯ ಗಾಳಿ ನೇರ ಅವರ ಮೇಲೇ ಬೀಸುತ್ತಿತ್ತು. ಶಾಲು ತರಲೇ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಆಚಾರ್ರು ಮಾತು ನಿಲ್ಲಿಸದೆ ಎದ್ದರು, ಏಸಿಯ ಹತ್ತಿರ ಹೋಗಿ ತಿರುಪನ್ನು ಎರಡು ಗೀಟು ಹಿಂದಕ್ಕೆ ತಿರುಗಿಸಿದರು, ಯಾರನ್ನೂ ಕೇಳದೆ ಬಂದು ತಮ್ಮ ಜಾಗದಲ್ಲಿ ಕೂತು ಮಾತು ಮುಂದುವರಿಸಿದರು.